ಶೇವಿಂಗ್ ಬ್ರಷ್ ಕೂದಲು ಉದುರಿಸ್ತಿದೆ, ಈ ಸಲ ದುಬಾರಿ ಬ್ಯಾಡ್ಜರ್ ಬ್ರಷ್ಷೇ ತಗೊಳ್ಲಾ?

300 ರೂಪಾಯಿಯ ಬ್ರಷ್ ವರ್ಷ ತುಂಬುವ ಮೊದಲೇ ಉದುರತೊಡಗಿದೆ, ಈ ಸಲ 4,000 ಕೊಟ್ಟು ಬ್ಯಾಡ್ಜರ್ ಅನ್ನುವ ಪ್ರಾಣಿಯ ಕೂದಲಿನದನ್ನೇ ತಗೊಂಡರೆ ಬಾಳಿಕೆ ಬರುತ್ತದಾ ಅಂತ ಕೇಳಿದ್ದೀರಿ. ಮನೆಯಲ್ಲಿ ಬೋರ್‌ವೆಲ್ ನೀರು, ಬಾತ್‌ರೂಮಿಗೆ ಕಿಟಕಿ ಇಲ್ಲ ಅಂತಲೂ ಕೊನೆಗೆ ಒಂದು ಮಾತು ಸೇರಿಸಿದ್ದೀರಿ. ನನಗೆ ಮುಖ್ಯ ಅನಿಸಿದ್ದು ಆ ಕೊನೆಯ ಮಾತೇ. ಈಗಿನ ಬ್ರಷ್ ಹಾಳಾದ ಕಾರಣ ಗೊತ್ತಾಗದೆ 4,000 ರೂಪಾಯಿಯದನ್ನು ಅದೇ ಬಾತ್‌ರೂಮಿನಲ್ಲಿಟ್ಟರೆ, ಅದೂ ಇದರ ದಾರಿಯನ್ನೇ ಹಿಡಿಯುತ್ತದೆ.

ಹಾಗಾಗಿ ಮೊದಲ ಕೆಲಸ: ಉದುರಿದ ನಾಲ್ಕಾರು ಕೂದಲನ್ನು ಬೆಳಕಿಗೆ ಹಿಡಿದು ಉದ್ದ ನೋಡಿ. ಬ್ರಷ್ಷಿನಲ್ಲಿ ಹೊರಗೆ ಕಾಣುವ ಕೂದಲಿಗಿಂತ ಉದುರಿದ ಕೂದಲು ತುಸು ಉದ್ದವಾಗಿದ್ದರೆ, ಅಂದರೆ ಅಂಟಿನೊಳಗೆ ಹೂತಿದ್ದ ಬುಡದ ಸಮೇತ ಬಂದಿದ್ದರೆ, ಅದು ಬ್ರಷ್ ಕಟ್ಟಿದವರ ತಪ್ಪು. ಕೂದಲ ಕಟ್ಟಿನ ನಡುವಿಗೆ ಅಂಟು ಸರಿಯಾಗಿ ಇಳಿದಿಲ್ಲ. ಹೊಸ ಬ್ರಷ್ಷಿನಲ್ಲಿ ಮೊದಮೊದಲು ಹೀಗೆ ಒಂದೆರಡು ಬಿಡಿ ಕೂದಲು ಬರುವುದು ಸಹಜ, ತಿಂಗಳು ಕಳೆದ ಮೇಲೂ ಬರುತ್ತಲೇ ಇದ್ದರೆ ಆ ಬ್ರಷ್ಷಿಗೆ ಮದ್ದಿಲ್ಲ. ಕೂದಲು ಮೋಟಾಗಿದ್ದು ಒಂದು ತುದಿ ತುಂಡಾದಂತೆ ಕಂಡರೆ, ಅದು ಉದುರಿದ್ದಲ್ಲ, ಮುರಿದದ್ದು. ಮುರಿಯುವುದಕ್ಕೆ ಕಾರಣ ನೀರು, ಸೋಪು ಮತ್ತು ನಮ್ಮ ಕೈ. ಇನ್ನು ಇಡೀ ಕಟ್ಟೇ ಹಿಡಿಕೆಯಿಂದ ಕಿತ್ತು ಕೈಗೆ ಬಂದಿದ್ದರೆ ಖುಷಿಪಡಿ, ಮೂರರಲ್ಲಿ ಸುಲಭದ ರಿಪೇರಿ ಅದೇ. ಗುಳಿಯೊಳಗಿನ ಹಳೇ ಅಂಟು ಕೆರೆದು, ಚೆನ್ನಾಗಿ ಒಣಗಿಸಿ, ಅರಾಲ್ಡೈಟ್ (ಎರಡು ಟ್ಯೂಬಿನ ಗಟ್ಟಿ ಅಂಟು) ಕಲಸಿ ಹಾಕಿ ಕೂರಿಸಿ, ಒಂದು ದಿನ ಮುಟ್ಟಬೇಡಿ. ಹೊಸ ಬ್ರಷ್ಷಿನ ದುಡ್ಡು ಉಳಿಯಿತು.

ನಿಮ್ಮದು ಎರಡನೆಯ ಬಗೆ ಅಂತ ನನ್ನ ಊಹೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಸೋಪಿನ ಕೊಬ್ಬಿನಾಮ್ಲದ ಜೊತೆ ಅವು ಸೇರಿದರೆ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುತ್ತದಲ್ಲ, ಅದೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಇವುಗಳಿಂದ ಬರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಬೆಂಗಳೂರಿನ ಹೊರವಲಯ, ಕೋಲಾರ, ತುಮಕೂರು ಕಡೆಯ ಆಳದ ಬೋರ್‌ಗಳ ನೀರಿನಲ್ಲಿ ನೊರೆ ಎಬ್ಬಿಸಿದವರಿಗೆ ಈ ಅಂಕಿ ಬಿಡಿಸಿ ಹೇಳಬೇಕಿಲ್ಲ. ಆ ಜಿಡ್ಡು ಬ್ರಷ್ಷಿನ ತುದಿಯಲ್ಲಿ ನಿಲ್ಲುವುದಿಲ್ಲ, ಬುಡಕ್ಕಿಳಿದು ಕೂರುತ್ತದೆ. ಕೂದಲು ಅಂಟು ಸೇರುವ ಆ ಜಾಗ ಬಿರುಸಾಗುತ್ತದೆ. ಅಲ್ಲಿ ಗಾಳಿಯೂ ಆಡುವುದಿಲ್ಲವಾದ್ದರಿಂದ ತೇವವೂ ಅಲ್ಲೇ ಉಳಿಯುತ್ತದೆ. ಇದರ ಮೇಲೆ ನಾವು ಪಾತ್ರೆ ಉಜ್ಜುವ ಹಾಗೆ ಬ್ರಷ್ಷನ್ನು ಕೆನ್ನೆಗೆ ಒತ್ತಿ ಗರಗರ ತಿರುಗಿಸುತ್ತೇವೆ. ಬಿರುಸಾದ ಕೂದಲು ಬುಡದಲ್ಲೇ ಮಡಚಿ ಮುರಿಯುತ್ತದೆ. ಬ್ರಷ್ಷಿನ ಆಯಸ್ಸು ತೀರುವುದು ಬುಡದಲ್ಲಿ, ತುದಿಯಲ್ಲಲ್ಲ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಈಗ ಕೂದಲಿನ ಜಾತಿ.

ಬ್ಯಾಡ್ಜರ್ ಕೂದಲು ಬುಡದಲ್ಲಿ ಬಿಳಿ, ನಡುವೆ ಕಪ್ಪು ಪಟ್ಟಿ, ತುದಿ ಮತ್ತೆ ಬಿಳಿ. ನೀರು ಚೆನ್ನಾಗಿ ಹಿಡಿಯುತ್ತದೆ, ಒಳ್ಳೆಯ ದರ್ಜೆಯದಾದರೆ ಮುಖಕ್ಕೆ ಹಿತ. ಆದರೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದಕ್ಕೆ ಎಲ್ಲ ಕಂಪನಿಗೂ ಅನ್ವಯಿಸುವ ಒಂದೇ ಅಳತೆಗೋಲು ಅನ್ನುವುದಿಲ್ಲ. ಒಬ್ಬರ ಬೆಸ್ಟ್ ಇನ್ನೊಬ್ಬರ ಪ್ಯೂರ್ ಆಗಿರಬಹುದು. ಈ ಕೂದಲು ಬಹುಪಾಲು ಬರುವುದು ಚೀನಾದಿಂದ. ಅಲ್ಲಿನ ಸಾಕಣೆ ಕೇಂದ್ರಗಳಲ್ಲಿ ಈ ಪ್ರಾಣಿಗಳ ಪಾಡೇನು ಅಂತ 2018ರಲ್ಲಿ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೇಟಾ ಸಂಸ್ಥೆ ವಿಡಿಯೊ ಸಮೇತ ಹೊರಗೆಡವಿತು. ನೋಡಿದ ಮೇಲೆ ನನಗಂತೂ ಹೊಸ ಬ್ಯಾಡ್ಜರ್ ಬ್ರಷ್ ಕೊಳ್ಳುವ ಮನಸ್ಸಾಗಿಲ್ಲ. (ನಮ್ಮ ಕಾಡಿನ ತರಕರಡಿಗೂ ಇಂಗ್ಲಿಷಿನಲ್ಲಿ ಬ್ಯಾಡ್ಜರ್ ಅನ್ನುವ ಹೆಸರಿದೆ. ಈ ಕೂದಲು ಅದರದ್ದಲ್ಲ.)

ಬೋರ್ ಅಂದರೆ ಹಂದಿ ಕೂದಲು. ಧರ್ಮದ ಕಾರಣಕ್ಕೋ ಮಡಿಯ ಕಾರಣಕ್ಕೋ ಇದು ಮನೆಗೆ ಬೇಡ ಅನ್ನುವವರು ನಮ್ಮಲ್ಲಿ ಬಹಳ ಮಂದಿ. ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಗ್ಗದ ಬ್ರಷ್‌ಗಳ ಮೇಲೆ ಬರೆದೂ ಇರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ನಿಮಗೆ ಅಡ್ಡಿಯಿಲ್ಲದಿದ್ದರೆ, ಕೊಟ್ಟ ದುಡ್ಡಿಗೆ ಇಷ್ಟು ಸುಖ ಕೊಡುವ ಕೂದಲು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಇಟಲಿಯ ಬೊಲೊನ್ಯಾದ ಒಮೆಗಾ, ಪೋರ್ಚುಗಲ್ಲಿನ ಸೆಮೊಗ್ ಕಂಪನಿಗಳು ಎರಡೂ ಹೆಸರಾದದ್ದು ಇದರಲ್ಲೇ. ಹೊಸತರಲ್ಲಿ ಒರಟು, ಒದ್ದೆಯಾದರೆ ಒಂದು ಥರದ ವಾಸನೆ, ನೊರೆಯೆಲ್ಲ ತಾನೇ ನುಂಗುತ್ತದೆ. ಬಳಸುತ್ತಾ ಹೋದಂತೆ ಪ್ರತಿ ಕೂದಲಿನ ತುದಿ ಎರಡಾಗಿ ಮೂರಾಗಿ ಸೀಳುತ್ತದೆ. ಸೀಳಿದ ಮೇಲೆ ತುದಿ ಮೆತ್ತಗೆ, ಬೆನ್ನು ಗಟ್ಟಿ. ಅದಕ್ಕೆ ಒಂದೆರಡು ತಿಂಗಳ ತಾಳ್ಮೆ ಬೇಕು. ಪ್ರತಿಸಲ ಶೇವಿಂಗ್‌ಗೆ ಮುಂಚೆ ಕೆಲವು ನಿಮಿಷ ನೀರಿನಲ್ಲಿ ನೆನೆಸಲೂಬೇಕು, ಒಣ ಹಂದಿ ಕೂದಲನ್ನು ನೇರ ಮುಖಕ್ಕೆ ಹಚ್ಚಿದರೆ ಅದೂ ಮುರಿಯುತ್ತದೆ, ನಿಮ್ಮ ಚರ್ಮವೂ ಕೆಂಪಾಗುತ್ತದೆ.

ಒಂದು ಎಚ್ಚರಿಕೆ. ನಡುವೆ ಕಪ್ಪು ಪಟ್ಟಿ ಕಂಡ ಮಾತ್ರಕ್ಕೆ ಬ್ಯಾಡ್ಜರ್ ಅಂದುಕೊಳ್ಳಬೇಡಿ. ಹಂದಿ ಕೂದಲಿಗೂ ಪ್ಲಾಸ್ಟಿಕ್ ಎಳೆಗೂ ಹಾಗೆ ಬಣ್ಣ ಹಾಕುತ್ತಾರೆ. ಈ ವೇಷಕ್ಕೆ ಹಳೆಯ, ಕೆಟ್ಟ ಚರಿತ್ರೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಕೂದಲಿನ ಸರಬರಾಜು ಕಡಿದುಹೋಗಿ, ಕುದುರೆ ಕೂದಲಿನಿಂದ ನಕಲಿ ಬ್ಯಾಡ್ಜರ್ ಬ್ರಷ್ ಮಾಡಿ ಮಾರಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಲ್ಲಿ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ ಬೀಜಾಣುಗಳಿದ್ದವು. ಬ್ಲೇಡಿನ ಸಣ್ಣ ಗಾಯಗಳ ಮೂಲಕ ಅವು ಮೈಸೇರಿ ಅಮೆರಿಕ, ಬ್ರಿಟನ್ನುಗಳಲ್ಲಿ ಸೈನಿಕರೂ ಊರಿನ ಗಂಡಸರೂ ಸತ್ತರು. ಜಪಾನಿನ ಶೇವಿಂಗ್ ಬ್ರಷ್‌ಗಳನ್ನು ದೇಶದೊಳಗೆ ತರುವುದನ್ನೇ ಬ್ರಿಟನ್ 1920ರಲ್ಲಿ ನಿಷೇಧಿಸಿತು. ಈಗ ಕೂದಲನ್ನು ಶುದ್ಧಿ ಮಾಡಿಯೇ ಕಟ್ಟುತ್ತಾರೆ, ಹೊಸ ಬ್ರಷ್ಷಿನ ಬಗ್ಗೆ ಆ ಭಯ ಬೇಡ. ಆದರೆ ಹಳೇ ಸಾಮಾನಿನ ಅಂಗಡಿಯಲ್ಲಿ ಅಂದದ ಹಿಡಿಕೆ ಕಂಡು ನೂರು ವರ್ಷದ ಬ್ರಷ್ ತಂದರೆ, ಕೂದಲು ಕಿತ್ತೆಸೆದು ಹಿಡಿಕೆಗೆ ಹೊಸ ಕಟ್ಟು ಕೂರಿಸಿ. ಮುಖಕ್ಕೆ ಹಚ್ಚಬೇಡಿ.

ನಿಮ್ಮ ಈಗಿನ ಬ್ರಷ್ ಯಾವುದರದ್ದು ಅಂತ ತಿಳಿಯಬೇಕಾ? ಉದುರಿದ ಒಂದು ಕೂದಲಿಗೆ ಬೆಂಕಿಕಡ್ಡಿ ತಾಗಿಸಿ. ತಲೆಗೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಪುಡಿಯಾದರೆ ಪ್ರಾಣಿಯದ್ದು. ಕರಗಿ ಮಣಿಯ ಹಾಗೆ ಗುಂಡಾದರೆ ಪ್ಲಾಸ್ಟಿಕ್.

ಪ್ಲಾಸ್ಟಿಕ್ ಅಂದಕೂಡಲೇ ಮುಖ ಸಿಂಡರಿಸಬೇಡಿ. ನಮ್ಮ ತಂದೆಯವರ ಕಾಲದ ನೈಲಾನ್ ಬ್ರಷ್ ಕೆನ್ನೆ ಗೀರುತ್ತಿತ್ತು, ನಿಜ. ಈಗಿನ ಸಿಂಥೆಟಿಕ್ ಎಳೆಗಳು ತುದಿಗೆ ಬರುತ್ತಾ ಸಣ್ಣಗಾಗುತ್ತವೆ, ಮುಟ್ಟಿದರೆ ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ. ಎಳೆ ನೀರು ಕುಡಿಯುವುದಿಲ್ಲ, ಆದ್ದರಿಂದ ನೆನೆಸುವ ಗೋಜಿಲ್ಲ, ಬೇಗ ಒಣಗುತ್ತದೆ, ಹುಳ ತಿನ್ನುವುದಿಲ್ಲ. ಸೋಪೂ ಕಡಿಮೆ ಸಾಕು. ಕೊರತೆ ಅಂದರೆ, ನೀರು ಎಳೆಗಳ ಸಂದಿಯಲ್ಲಿ ಮಾತ್ರ ನಿಲ್ಲುವುದರಿಂದ ಹೆಚ್ಚಾದರೆ ಮೊಣಕೈ ತನಕ ಸೋರುತ್ತದೆ. ಜೋರಾಗಿ ಎರಡು ಸಲ ಕೊಡವಿ ಶುರುಮಾಡಿ. ಕುದುರೆ ಕೂದಲಿನದ್ದೂ ಸಿಗುತ್ತದೆ, ಬೋರ್‌ಗೂ ಬ್ಯಾಡ್ಜರ್‌ಗೂ ನಡುವಿನ ಗುಣ, ನಮ್ಮಲ್ಲಿ ಹುಡುಕಿ ತರಿಸಬೇಕು.

ಕಿಟಕಿಯಿಲ್ಲದ ಬಾತ್‌ರೂಮು, ಗಡಸು ನೀರು, ಬೆಳಗ್ಗೆ ಆಫೀಸಿನ ಗಡಿಬಿಡಿ. ಇವು ಮೂರೂ ಇದ್ದರೆ ಸಿಂಥೆಟಿಕ್ ತಗೊಳ್ಳಿ. 500ರಿಂದ 1,500 ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ. 4,000 ಬೇಡ.

ಗಾತ್ರದ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಕೂದಲ ಕಟ್ಟಿನ ಅಡ್ಡಳತೆ 24 ಮಿಲಿಮೀಟರ್, ಹಿಡಿಕೆಯಿಂದ ಮೇಲೆ ಉದ್ದ 50ರಿಂದ 55 ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಮೀಸೆ ಬಿಟ್ಟವರು 22ಕ್ಕೆ ಇಳಿಯಿರಿ. 28ರ ಬ್ರಷ್ಷಿನಲ್ಲಿ ಮೀಸೆ ತಪ್ಪಿಸಿ ನೊರೆ ಹಚ್ಚುವುದು ಆಗುವ ಕೆಲಸ ಅಲ್ಲ.

ಹಿಡಿಕೆ ಅಂದಕ್ಕಿಂತ ನೀರಿಗೆ ತಡೆಯುವಂಥದ್ದಾಗಿರಲಿ. ರೆಸಿನ್, ಅಂದರೆ ಗಟ್ಟಿ ಪ್ಲಾಸ್ಟಿಕ್‌ನಂಥದ್ದು, ನಿಶ್ಚಿಂತೆ. ಮರದ್ದಾದರೆ ಮೇಲಿನ ಲೇಪ ಗಟ್ಟಿಯಿರಬೇಕು, ಇಲ್ಲದಿದ್ದರೆ ಹಿಗ್ಗಿ ಕುಗ್ಗಿ ಬಿರುಕು ಬಿಟ್ಟು ಕಟ್ಟು ಸಡಿಲಾಗುತ್ತದೆ. ಚನ್ನಪಟ್ಟಣದ ಆಟಿಕೆಗಳ ಹಾಗೆ ಅರಗು ಹಚ್ಚಿದ ಹಿಡಿಕೆ ಮಾಡಿಸಿದರೆ ಹೇಗೆ ಅಂತ ಅನ್ನಿಸಬಹುದು, ನನಗೂ ಆ ಆಸೆಯಿತ್ತು. ಅರಗು ಬಿಸಿಗೆ ಮೆತ್ತಗಾಗುವ ವಸ್ತು, ನೀರಿನಲ್ಲಿ ಹೆಚ್ಚು ಹೊತ್ತಿದ್ದರೆ ಬಿಳಚಿಕೊಳ್ಳುತ್ತದೆ. ಷೋಕೇಸಿಗೆ ಚೆಂದ, ದಿನಾ ಬಿಸಿನೀರಿಗೆ ಬೇಡ.

ಆರೈಕೆ ಅಂದರೆ ದೊಡ್ಡ ಪೂಜೆಯೇನೂ ಅಲ್ಲ. ಶೇವಿಂಗ್‌ಗೆ ಬೇಕಾದ ನೀರು ಒಂದು ಲೋಟ. ಅಷ್ಟನ್ನು ಕುಡಿಯುವ ಆರ್‌ಒ ನೀರಿನಲ್ಲೇ ತಗೊಂಡುಬಿಡಿ. ಬರೀ ಕ್ಯಾಂಡಲ್ ಅಥವಾ ಯುವಿ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ನೊರೆ ಬರುವುದರಲ್ಲೇ ವ್ಯತ್ಯಾಸ ಕಾಣುತ್ತದೆ. ನೀರು ಕೈ ತಡೆಯುವಷ್ಟು ಬೆಚ್ಚಗಿದ್ದರೆ ಸಾಕು, ಕುದಿಯುವ ನೀರು ಕೂದಲಿಗೂ ಕೆಟ್ಟದ್ದು, ಅಂಟಿಗೂ ಕೆಟ್ಟದ್ದು. ನೊರೆ ಎದ್ದ ಮೇಲೆ ಗೋಡೆಗೆ ಸುಣ್ಣ ಬಳಿಯುವಂತೆ ಬ್ರಷ್ಷನ್ನು ಆಚೀಚೆ ಆಡಿಸಿ. ತಿರುಗಿಸಲೇಬೇಕಾದರೆ ಕೂದಲು ಬುಡದ ತನಕ ಬಾಗದಷ್ಟು ಹಗುರವಾಗಿ.

ಸೋಪಿನ ವಿಷಯ ಕೇಳಿಲ್ಲವಾದರೂ ಇಲ್ಲಿ ಬರುತ್ತದೆ. ಮೈಸೂರು ಸ್ಯಾಂಡಲ್‌ನಂಥ ಸ್ನಾನದ ಸೋಪಿನ ಮೇಲೆ ಬ್ರಷ್ ತಿಕ್ಕಿ ಶೇವ್ ಮಾಡುವವರಿದ್ದಾರೆ. ಪರಿಮಳವೇನೋ ಬರುತ್ತದೆ. ಆದರೆ ಸ್ನಾನದ ಸೋಪು ಸೋಡಿಯಂನದ್ದು, ಶೇವಿಂಗ್ ಸೋಪು, ಕ್ರೀಮುಗಳಲ್ಲಿ ಪೊಟ್ಯಾಸಿಯಂ ಸೋಪು ಹೆಚ್ಚಿರುತ್ತದೆ. ಅದು ಸುಲಭವಾಗಿ ಕರಗಿ ಕೆನೆಯಂಥ ನೊರೆ ಕೊಡುತ್ತದೆ, ಆ ನೊರೆ ಬೇಗ ಒಣಗುವುದಿಲ್ಲ. ಸ್ನಾನದ ಸೋಪಿನ ನೊರೆ ಅರ್ಧ ಮುಖ ಮುಗಿಯುವಷ್ಟರಲ್ಲಿ ಒಣಗುತ್ತದೆ, ಮತ್ತೆ ತಿಕ್ಕುತ್ತೀರಿ, ಬ್ರಷ್ ಸವೆಯುತ್ತದೆ.

ಮುಗಿದ ಮೇಲೆ ನಲ್ಲಿಯ ಕೆಳಗೆ ಹಿಡಿದು ಬುಡವನ್ನು ಬೆರಳಲ್ಲಿ ಮೆಲ್ಲಗೆ ಹಿಸುಕುತ್ತಾ, ಹಿಂಡಿದ ನೀರು ತಿಳಿಯಾಗುವ ತನಕ ತೊಳೆಯಿರಿ. ಬಹಳಷ್ಟು ಜನ ತುದಿ ಶುಭ್ರವಾಯಿತು ಅಂತ ಇಲ್ಲೇ ಬಿಟ್ಟುಬಿಡುತ್ತಾರೆ. ಹಿಂಡಿ, ಕೊಡವಿ, ಟವೆಲ್ಲಿಗೆ ಎರಡು ಸಲ ಒರೆಸಿ. ಕಟ್ಟನ್ನು ತಿರುಚಿ ಹಿಂಡಬೇಡಿ, ಕೂದಲು ಎಳೆಯಬೇಡಿ. ಆಮೇಲೆ ಬಾತ್‌ರೂಮಿನಿಂದ ಹೊರಗೆ ತನ್ನಿ. ಸ್ಟ್ಯಾಂಡಿಗೆ ತಲೆಕೆಳಗಾಗಿ ನೇತುಹಾಕಬೇಕೋ ನಿಲ್ಲಿಸಬೇಕೋ ಅಂತ ಜನ ಜಗಳವಾಡುತ್ತಾರೆ. ಕೊಡವಿ ಒರೆಸಿದ ಬ್ರಷ್ಷಿಗೆ ಎರಡೂ ಒಂದೇ, ಗಾಳಿ ಆಡಬೇಕು ಅಷ್ಟೆ. ಮುಚ್ಚಳದ ಡಬ್ಬಿ, ಕನ್ನಡಿ ಹಿಂದಿನ ಕಪಾಟು ಇವೆರಡು ಮಾತ್ರ ಬೇಡ. ಮಲೆನಾಡಿನ ಜುಲೈಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಪ್ರಾಣಿ ಕೂದಲಿನ ಬ್ರಷ್ಷಿಗೆ ಬೂಸ್ಟು ಹಿಡಿಯದೆ ಏನಾದೀತು? ಅಲ್ಲಿಯವರು ಎರಡು ಬ್ರಷ್ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು ಒಳ್ಳೆಯದು. ಊರಿಗೆ ಹೋಗುವಾಗ ಪೂರ್ತಿ ಒಣಗಿದ್ದನ್ನೇ ಕಟ್ಟಿಕೊಳ್ಳಿ.

ಗಡಸು ನೀರಿನ ಮನೆಗಳಲ್ಲಿ ತಿಂಗಳಿಗೊಮ್ಮೆ ಬುಡ ತೊಳೆಯಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಒಂದು ಸಣ್ಣ ಚಮಚ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ, ಅಥವಾ ಒಂದು ಭಾಗ ಬಿಳಿ ವಿನೆಗರ್‌ಗೆ ಹತ್ತು ಭಾಗ ನೀರು. ಕೂದಲು ಮಾತ್ರ ಮುಳುಗುವಂತೆ ಐದು ನಿಮಿಷ ಆಡಿಸಿ ತೊಳೆಯಿರಿ. ಹುಳಿ ಆ ಜಿಡ್ಡನ್ನು ಒಡೆಯುತ್ತದೆ, ಒಳಗಿನ ಕೊಬ್ಬು ಉಳಿದುಕೊಳ್ಳುತ್ತದೆ. ಅದಕ್ಕೇ ಎರಡನೆಯದಾಗಿ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ನೊರೆ ಮಾಡಿ ತೊಳೆಯಬೇಕು. ಈ ಕ್ರಮ ತಿರುಗುಮುರುಗಾದರೆ ಉಪಯೋಗ ಕಡಿಮೆ. ಸೀಗೆಪುಡಿ ಬೇಡ, ಬುಡದಲ್ಲಿ ಸಿಕ್ಕಿಕೊಂಡರೆ ಬರುವುದಿಲ್ಲ. ಕೂದಲು ಅಂತ ಕೊಬ್ಬರಿ ಎಣ್ಣೆ ಹಚ್ಚುವ ಉಪಾಯ ಮೊನ್ನೆ ಎಲ್ಲೋ ಓದಿದೆ, ದಯವಿಟ್ಟು ಬೇಡ, ನೊರೆಯೇ ನಿಲ್ಲುವುದಿಲ್ಲ.

ಹೊಸದು ತರುವ ಮೊದಲು ಈ ಹುಳಿ ಸ್ನಾನವನ್ನು ನಿಮ್ಮ ಹಳೇ ಬ್ರಷ್ಷಿಗೇ ಮಾಡಿಸಿ, ಒಂದು ವಾರ ಆರ್‌ಒ ನೀರಿನಲ್ಲಿ ಬಳಸಿ, ಬೆಡ್‌ರೂಮಿನ ಕಿಟಕಿಯಲ್ಲಿ ಒಣಗಿಸಿ ನೋಡಿ. ಮೋಟು ಕೂದಲು ಬರುವುದು ಕಡಿಮೆಯಾದರೆ ಇನ್ನೂ ಕೆಲವು ತಿಂಗಳು ಅದೇ ಸಾಕು. ಉದ್ದ ಕೂದಲು ಬುಡ ಸಮೇತ ಬರುತ್ತಿದ್ದರೆ ಎಸೆದು ಸಿಂಥೆಟಿಕ್ ತರಿಸಿ. ವಾಪಸ್ ತಗೊಳ್ಳುವ ಅಂಗಡಿಯಿಂದಲೇ ತರಿಸಿ, ಹೊಸ ಬ್ರಷ್ಷೂ ಬುಡ ಸಮೇತ ಉದುರುತ್ತಲೇ ಇದ್ದರೆ ವಾಪಸಿನ ಗಡುವು ಮುಗಿಯುವ ಮುಂಚೆ ಹಿಂದಿರುಗಿಸಿ.