ನೋವಿಲ್ಲ ಅಂತ ಹಾಗೇ ಬಿಡಬಹುದಾ?

ಹನ್ನೆರಡು ವರ್ಷದ ಹಿಂದೆ ಹಾಕಿಸಿದ ಸಿಲಿಕೋನ್ ಸ್ತನ ಇಂಪ್ಲಾಂಟ್ ಒಡೆದಿದೆ, ನೋವಿಲ್ಲ, ಬಿಟ್ಟರೆ ಏನಾಗುತ್ತದೆ ಅಂತ ಕೇಳಿದ್ದೀರಿ. ನೋವಿಲ್ಲದಿರುವುದು ಮಾಮೂಲು. ಒಡೆದರೂ ಒಳಗಿನ ಸಿಲಿಕೋನ್ ಜೆಲ್ ಹೆಚ್ಚಾಗಿ ದೇಹವೇ ಸುತ್ತ ಕಟ್ಟಿಕೊಂಡ ಪೊರೆಯೊಳಗೆ ಉಳಿಯುತ್ತದೆ. ವರ್ಷ ಕಳೆದಂತೆ ಆ ಪೊರೆ ಬಿಗಿದು ಸ್ತನ ಗಟ್ಟಿಯಾಗಬಹುದು, ಆಕಾರ ಕೆಡಬಹುದು. ಜೆಲ್ ಪೊರೆ ದಾಟಿದರೆ ಗಂಟುಗಳಾಗಬಹುದು, ಕಂಕುಳಿನ ದುಗ್ಧರಸ ಗ್ರಂಥಿಗೂ (ಲಿಂಫ್ ನೋಡ್) ಸೇರಬಹುದು. ಈ ಗಂಟು ಕೈಗೆ ಕ್ಯಾನ್ಸರ್ ಗಂಟಿನಂತೆಯೇ ಸಿಗಬಹುದು, ಸುಮ್ನೆ ಊಹಿಸಬೇಡಿ, ತೋರಿಸಿ. ಗ್ರಂಥಿಗೆ ಹೋದ ಸಿಲಿಕೋನನ್ನು ಪೂರ್ತಿ ತೆಗೆಯುವುದು ಕಷ್ಟ. ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೇ ಹರಡುವ ಮೊದಲೇ ತೆಗೆಸುವುದು ವಾಸಿ ಅಂತ ನನಗನ್ನಿಸುತ್ತದೆ. ವೈದ್ಯರೂ ಹೆಚ್ಚಾಗಿ ಅದನ್ನೇ ಹೇಳುತ್ತಾರೆ. ಮೊದಲು ಎಂಆರ್‌ಐ ಮಾಡಿಸಿ, ಜೆಲ್ ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ? ಇವತ್ತೇ ಓಡಬೇಕಾದ ತುರ್ತೇನಲ್ಲ, ವರ್ಷಗಟ್ಟಲೆ ಮುಂದೂಡುವುದೂ ಬೇಡ.