ಮನೆಯ ಲೆಕ್ಕ: ವರ್ಷದ ಸರಕು, ತಿಂಗಳ ಚೀಟಿ, ವಾರದ ಸಂತೆ

ಪ್ರಶ್ನೆ: ನಾವು ಕೋಲಾರ ನಗರದ ಬಾಡಿಗೆ ಮನೆಯಲ್ಲಿರುವ ಐವರ ಕುಟುಂಬ. ನಮ್ಮ ಯಜಮಾನರು ನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ತಿಂಗಳಿಗೆ 34,000 ರೂಪಾಯಿ ಕೈಗೆ ಬರುತ್ತದೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಅತ್ತೆಯವರು ನಮ್ಮೊಂದಿಗಿದ್ದಾರೆ. ದಿನಸಿ, ಹಾಲು, ತರಕಾರಿ ಎಲ್ಲವೂ ಸೇರಿ 10,000 ರೂಪಾಯಿ ದಾಟಬಾರದೆಂದು ಮೂರು ವರ್ಷಗಳ ಹಿಂದೆ ನಿಶ್ಚಯಿಸಿದ್ದೆವು. ಈಗ ಪ್ರತಿ ತಿಂಗಳೂ 14,000ದ ಹತ್ತಿರ ಹೋಗುತ್ತಿದೆ. ಮೊದಲ ವಾರ ಚೀಟಿ ಬರೆದು ತರುವ ಸಾಮಾನಿಗೆ 6,200, ದಿನಕ್ಕೆ ಒಂದೂವರೆ ಲೀಟರ್‌ನಂತೆ ಹಾಲಿಗೆ 2,100, ತರಕಾರಿ ಮತ್ತು ಹಣ್ಣಿಗೆ 2,500 ಆಗುತ್ತದೆ. ಉಳಿದ ಹಣ ಎಲ್ಲಿ ಹೋಗುತ್ತದೆಂದು ನನಗೇ ತಿಳಿಯುತ್ತಿಲ್ಲ. ನಿನ್ನ ಕೈ ಬಿಗಿಯಿಲ್ಲ ಎಂಬ ಮಾತನ್ನು ಮನೆಯಲ್ಲಿ ಕೇಳಬೇಕಾಗಿದೆ. ದಾರಿ ತಿಳಿಸಿ.

ಉತ್ತರ: ಸಹೋದರಿ, ಮೊದಲು ನಿಮ್ಮ ಮನಸ್ಸಿನ ಭಾರವನ್ನು ಇಳಿಸುತ್ತೇನೆ. ಐದು ಜನರ ಮನೆಗೆ 10,000 ರೂಪಾಯಿ ಈಗ ಸಾಲುವುದಿಲ್ಲ. ಮೂರು ವರ್ಷಗಳ ಹಿಂದೆ ನಿಗದಿಮಾಡಿದ ಅಂಕಿಯನ್ನು ಇಂದಿನ ದರಕ್ಕೆ ಹೊಂದಿಸದೆ ಇಟ್ಟುಕೊಂಡು, ಅದನ್ನು ಮುಟ್ಟಲಾಗಲಿಲ್ಲವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳುವುದು ನ್ಯಾಯವಲ್ಲ. ಒಂದೇ ಉದಾಹರಣೆ ಹೇಳುವುದಾದರೆ, 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ತಿಂಗಳಿಗೆ 45 ಲೀಟರ್ ಕೊಳ್ಳುವ ನಿಮ್ಮ ಮನೆಯಲ್ಲಿ, ಒಂದು ಲೋಟ ಹಾಲನ್ನೂ ಹೆಚ್ಚು ಕುಡಿಯದೆ, ಅದೊಂದರಿಂದಲೇ 180 ರೂಪಾಯಿ ಏರಿದಂತಾಯಿತು. ಮಕ್ಕಳಿರುವ ಮನೆಯಲ್ಲಿ ಹಾಲನ್ನು ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ.

ಹಾಗೆಂದು 14,000 ಆಗಲೇಬೇಕೆಂದೂ ಇಲ್ಲ. ನೀವೇ ಬರೆದ ಮೂರು ಬಾಬ್ತುಗಳನ್ನು ಕೂಡಿಸಿದರೆ 10,800 ಆಗುತ್ತದೆ. ಉಳಿದ 3,200 ರೂಪಾಯಿಗೆ ಲೆಕ್ಕವಿಲ್ಲ. ಅದನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿಗಿಂತ ತುಸು ಹೆಚ್ಚು. ಸಂಜೆ ಮಕ್ಕಳಿಗೆ ತರುವ ಒಂದು ಪೊಟ್ಟಣ ಬಿಸ್ಕತ್ತು ಮತ್ತು ಖಾರ, ಕೊತ್ತಂಬರಿ ಮುಗಿಯಿತೆಂದು ಹೋದಾಗ ಕೈಗೆ ಬರುವ ಇನ್ನೆರಡು ವಸ್ತು, ಬೀದಿಯ ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆಸಿದ ಕಾಲು ಕೆ.ಜಿ. ಬೇಳೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಇಪ್ಪತ್ತು ಮೂವತ್ತು ರೂಪಾಯಿಗಳು, ಇವುಗಳಲ್ಲಿ ಯಾವುದೂ ಒಂದು ಖರ್ಚೆಂದು ನೆನಪಿನಲ್ಲಿ ಉಳಿಯುವಷ್ಟು ದೊಡ್ಡದಲ್ಲ. ನಿಮ್ಮ ಕೈ ಸಡಿಲವಾಗಿಲ್ಲ. ಲೆಕ್ಕ ಹಾಕುವ ಕ್ರಮ ತಪ್ಪಾಗಿದೆ. ವರ್ಷಕ್ಕೊಮ್ಮೆ ಕೊಳ್ಳಬೇಕಾದದ್ದು, ತಿಂಗಳಿಗೊಮ್ಮೆ ಕೊಳ್ಳಬೇಕಾದದ್ದು, ವಾರಕ್ಕೊಮ್ಮೆ ಕೊಳ್ಳಬೇಕಾದದ್ದು ಎಂಬ ಮೂರನ್ನೂ ಒಂದೇ ತಿಂಗಳ ಚೀಟಿಯೊಳಗೆ ತುರುಕಿದ್ದೀರಿ. ಈ ಮೂರನ್ನು ಬಿಡಿಸಿ ಇಟ್ಟರೆ 11,500 ರೂಪಾಯಿಯಲ್ಲಿ ನಿಮ್ಮ ಮನೆ ಹಸಿವಿಲ್ಲದೆ ನಡೆಯುತ್ತದೆ ಎಂಬುದು ನನ್ನ ಅಂದಾಜು.

ವರ್ಷದ ಸರಕಿನಿಂದ ಆರಂಭಿಸೋಣ, ಏಕೆಂದರೆ ನಿಮ್ಮ ಜಿಲ್ಲೆಗೆ ಇದರಲ್ಲಿ ಇರುವ ಅನುಕೂಲ ಬೆಂಗಳೂರಿನ ಮನೆಗಳಿಗಿಲ್ಲ. ನಿಮ್ಮಲ್ಲಿ ರಾತ್ರಿಯ ಊಟಕ್ಕೆ ಮುದ್ದೆ ಇರುತ್ತದೆಂದು ಭಾವಿಸುತ್ತೇನೆ. ಸಾಧಾರಣ ಗಾತ್ರದ ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಬೇಕು. ಮಕ್ಕಳದ್ದು ಅರ್ಧರ್ಧವೆಂದು ಹಿಡಿದರೂ ನಿಮ್ಮ ಮನೆಗೆ ದಿನಕ್ಕೆ 400 ಗ್ರಾಂ, ತಿಂಗಳಿಗೆ 12 ಕೆ.ಜಿ., ವರ್ಷಕ್ಕೆ 144 ಕೆ.ಜಿ. ಆಯಿತು. ಇದನ್ನು ತಿಂಗಳ ಚೀಟಿಯಲ್ಲಿ ಒಂದೊಂದು ಕೆ.ಜಿ. ಹಿಟ್ಟಿನ ಪೊಟ್ಟಣವಾಗಿ ಬರೆದರೆ ಬೀಸಿದ ಕೂಲಿ, ಪೊಟ್ಟಣದ ಬೆಲೆ, ಮಧ್ಯವರ್ತಿಯ ಲಾಭ ಎಲ್ಲವನ್ನೂ ಪ್ರತಿ ತಿಂಗಳೂ ಕೊಡುತ್ತಲೇ ಇರಬೇಕಾಗುತ್ತದೆ. ಮಳೆಯಾಶ್ರಯದ ರಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಯ್ಲಾಗಿ ಕಣಕ್ಕೆ ಬರುತ್ತದೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತ್ತು. ಆ ದರದಲ್ಲಿ ಕೊಂಡರೆ ವರ್ಷದ ರಾಗಿಗೆ ಸುಮಾರು 7,000 ರೂಪಾಯಿ. ಪರಿಚಯದ ರೈತರಿಂದ ನೇರವಾಗಿ ಕೊಳ್ಳುವಾಗ ಈ ಬೆಲೆಗಿಂತ ಕೆಳಗಿಳಿಸಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ, ಅವರ ಮನೆಯಲ್ಲೂ ಒಂದು ಚೀಟಿ ಇರುತ್ತದೆ. ರಾಗಿಯಷ್ಟು ಕಾಲ ಕೆಡದೆ ಉಳಿಯುವ ಧಾನ್ಯಗಳು ಕಡಿಮೆ. ನಮ್ಮ ಹಿರಿಯರು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದುದು ಅದನ್ನೇ. ಆದರೆ ಹಿಟ್ಟಿಗೆ ಆ ಗುಣವಿಲ್ಲ, ಆದ್ದರಿಂದ ನಾಲ್ಕೈದು ಕೆ.ಜಿ.ಯನ್ನಷ್ಟೇ ಮಿಲ್ಲಿಗೆ ಕೊಟ್ಟು ಬೀಸಿಸಿಕೊಳ್ಳಿ. ಬಾಡಿಗೆ ಮನೆಯಲ್ಲಿ ಜಾಗವಿಲ್ಲದಿದ್ದರೆ ಆರು ತಿಂಗಳಿಗಾಗುವಷ್ಟು ತಂದರೂ ಸಾಕು.

ಹುಣಸೆಹಣ್ಣು ಹೊಸದಾಗಿ ಬರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಒಣಮೆಣಸಿನಕಾಯಿ ಮಾರುಕಟ್ಟೆಗೆ ತುಂಬಿ ಬರುವುದೂ, ಬಿಸಿಲು ಕಾಯುವುದೂ ಅದೇ ಕಾಲ. ವರ್ಷಕ್ಕಾಗುವ ಹುಣಸೆಯನ್ನು ಬೀಜ ಬಿಡಿಸಿ, ಕಲ್ಲುಪ್ಪು ಸೇರಿಸಿ ಜಾಡಿಯಲ್ಲಿ ತುಂಬುವುದನ್ನು, ಮೆಣಸಿನಕಾಯಿ, ಧನಿಯಾ ಒಣಗಿಸಿ ಸಾರಿನ ಪುಡಿ ಮಾಡಿಸುವುದನ್ನು ನಿಮ್ಮ ಅತ್ತೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಭಾಗದ ಉಸ್ತುವಾರಿಯನ್ನು ಅವರಿಗೇ ಒಪ್ಪಿಸಿ. ಎಷ್ಟು ಹುಣಸೆ ಬೇಕು, ಯಾವ ರಾಗಿ ಒಳ್ಳೆಯದು ಎಂದು ಅವರನ್ನೇ ಕೇಳಿ. ಮನೆಯ ಖರ್ಚಿನ ಮಾತು ಅಲ್ಲಿಂದಾಚೆಗೆ ನಿಮ್ಮೊಬ್ಬರ ತಲೆಯ ಮೇಲೆ ಬೀಳುವುದೂ ಕಡಿಮೆಯಾದೀತು. ರಾಗಿಯೂ ಸೇರಿ ಈ ಸರಕಿಗೆಲ್ಲ ವರ್ಷಕ್ಕೆ 12,000ದ ಆಸುಪಾಸು ಆಗಬಹುದು, ಅಂದರೆ ತಿಂಗಳಿಗೆ 1,000 ರೂಪಾಯಿಯನ್ನು ಸಂಬಳದ ದಿನವೇ ಬೇರೆ ತೆಗೆದಿಡಬೇಕು. ಮೊದಲ ವರ್ಷ ಅಷ್ಟು ಹಣ ಒಮ್ಮೆಗೇ ಹೊಂದುವುದಿಲ್ಲ. ಹುಣಸೆ, ಮೆಣಸಿನಕಾಯಿಯಿಂದ ಆರಂಭಿಸಿ, ರಾಗಿಯನ್ನು ಮೂರು ಮೂರು ತಿಂಗಳಿಗಾಗುವಷ್ಟು ತನ್ನಿ. ಸಾಲಮಾಡಿ ಮೂಟೆ ತರುವುದು ಬೇಡ.

ಇಷ್ಟಾದ ಮೇಲೆ ತಿಂಗಳ ಚೀಟಿ ತಾನಾಗಿಯೇ 5,000ಕ್ಕೆ ಇಳಿಯುತ್ತದೆ. ಅದರಲ್ಲಿ ಹೆಚ್ಚು ಭಾರವಾದದ್ದು ತೊಗರಿಬೇಳೆ ಮತ್ತು ಎಣ್ಣೆ. ದಿನವೂ ತೊಗರಿಬೇಳೆಯ ಸಾರೇ ಆಗಬೇಕೆಂಬ ರೂಢಿ ನಮ್ಮ ಬಯಲುಸೀಮೆಯದ್ದಲ್ಲವೆಂದು ನನಗೆ ಅನಿಸುತ್ತದೆ. ಇಲ್ಲಿಯ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ, ತೊಗರಿ, ಹುಚ್ಚೆಳ್ಳು ಬೆಳೆಯುತ್ತಿದ್ದರು; ಹೊಲದಲ್ಲಿ ಇದ್ದದ್ದೇ ಸರದಿಯಂತೆ ತಟ್ಟೆಗೂ ಬರುತ್ತಿತ್ತು. ವಾರದಲ್ಲಿ ಮೂರು ದಿನ ತೊಗರಿ, ಉಳಿದ ದಿನ ಹುರುಳಿ, ಹೆಸರುಕಾಳು, ಅಲಸಂದೆ ಎಂದು ನೀವೂ ಸರದಿ ಹಾಕಿಕೊಳ್ಳಿ.

ಇಲ್ಲಿ ಬಸ್ಸಾರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಡಿಮೆ ಸಾಮಾನಿನಲ್ಲಿ ಎರಡು ಅಡುಗೆ ಮಾಡುವ ವಿದ್ಯೆಯನ್ನು ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಅಡುಗೆಯಲ್ಲೂ ನಾನು ಕಂಡಿಲ್ಲ. ಕಾಲು ಕೆ.ಜಿ. ಹುರುಳಿಯನ್ನೋ ಅಲಸಂದೆಯನ್ನೋ ಎರಡು ಕಟ್ಟು ಸೊಪ್ಪಿನೊಂದಿಗೆ ಬೇಯಿಸಿ ಬಸಿದರೆ, ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಹುಣಸೆ, ಖಾರ ರುಬ್ಬಿ ಹಾಕಿ ಸಾರಾಗುತ್ತದೆ, ಬುಟ್ಟಿಯಲ್ಲಿ ಉಳಿದ ಕಾಳುಸೊಪ್ಪು ಒಗ್ಗರಣೆಯಲ್ಲಿ ಪಲ್ಯವಾಗುತ್ತದೆ. ಐದು ಜನರಿಗೆ ಮುದ್ದೆಯ ಜೊತೆ ಒಂದು ಹೊತ್ತಿನ ಪೂರ್ಣ ಊಟಕ್ಕೆ ಅಷ್ಟು ಸಾಕು, ಬೇರೆ ತರಕಾರಿ ಬೇಡ. ಮಳೆಗಾಲದಲ್ಲಿ ಹಳ್ಳಿಯಿಂದ ಬರುವ ಹೆಂಗಸರು ಅಣ್ಣೆ, ಗೋಣಿ ಮೊದಲಾದವನ್ನು ಕಲಸಿ ಮಾರುವ ಬೆರಕೆ ಸೊಪ್ಪು ಸಿಕ್ಕರೆ ಮಸ್ಸೊಪ್ಪು ಮಾಡಿ. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬಂದಾಗ ಮಾತ್ರ ಕೈ ಬಿಗಿಹಿಡಿಯುವುದು ಕಷ್ಟ. ಆ ಎರಡು ತಿಂಗಳು ಬೇಳೆಯ ಬಾಬ್ತನ್ನು ತಗ್ಗಿಸಿ ಅವರೆಕಾಯಿಗೆ ಕೊಟ್ಟುಬಿಡಿ, ಮಕ್ಕಳ ಆಸೆಯೂ ತೀರಲಿ.

ಎಣ್ಣೆ ನಿಮ್ಮ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಸಾಕು. ಸ್ನಾನದ ಸೋಪು, ಟೂತ್‌ಪೇಸ್ಟ್, ಶಾಂಪೂಗಳನ್ನು ದಿನಸಿಯ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಬರೆಯಿರಿ. 2025ರ ಸೆಪ್ಟೆಂಬರ್ 22ರಿಂದ ಅವುಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ.

ವಾರದ ಹಣದಲ್ಲೇ ನಿಮ್ಮ ಲೆಕ್ಕ ನಿಲ್ಲುವುದು ಅಥವಾ ಮುರಿಯುವುದು. ಪ್ರತಿ ಭಾನುವಾರ 800 ರೂಪಾಯಿಯನ್ನು ನೋಟಿನಲ್ಲೇ ತೆಗೆದು ಒಂದು ಡಬ್ಬಿಯಲ್ಲಿಡಿ. ತರಕಾರಿ, ಹಣ್ಣು, ಮಕ್ಕಳ ತಿಂಡಿ, ನಡುವೆ ಮುಗಿದ ಯಾವುದೇ ಸಾಮಾನು, ಎಲ್ಲವೂ ಆ ಡಬ್ಬಿಯಿಂದಲೇ. ಫೋನಿನಿಂದ ಕೊಡುವುದನ್ನೂ, ಸಾಲದ ಪುಸ್ತಕದಲ್ಲಿ ಬರೆಸುವುದನ್ನೂ ಮೂರು ತಿಂಗಳ ಮಟ್ಟಿಗೆ ಪೂರ್ತಿ ನಿಲ್ಲಿಸಿ. ಅಂಗಡಿಯವರ ಹಳೆಯ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ, ವಿಷಯ ಹೇಳಿಯೇ ನಿಲ್ಲಿಸಿ. ಕಷ್ಟದ ದಿನಗಳಲ್ಲಿ ನಂಬಿ ಕೊಟ್ಟವರಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಡಬ್ಬಿ ಗುರುವಾರವೇ ಖಾಲಿಯಾದರೆ ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿರುವ ಕಾಳಿನಲ್ಲೇ ಅಡುಗೆಯಾಗಲಿ. ಹಣ ಉಳಿದರೆ ಅದು ಮುಂದಿನ ವಾರದ ಹಣ್ಣಿಗೆ.

ತರಕಾರಿಯಲ್ಲಿ ಇಂತಿಷ್ಟು ಹಣವೆಂದು ಗೊತ್ತುಮಾಡಿ, ಇಂಥದೇ ತರಕಾರಿಯೆಂದು ಗೊತ್ತುಮಾಡಬೇಡಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ನಿಮ್ಮ ಊರಿನಲ್ಲೇ ಇದ್ದರೂ, 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ 2,000 ರೂಪಾಯಿ ದಾಟಿ ಮಾರಾಟವಾದಾಗ ಕೋಲಾರದ ಗೃಹಿಣಿಯರಿಗೂ ಟೊಮೆಟೊ ಕೈಗೆಟುಕಲಿಲ್ಲ. ಅಂಥ ದಿನಗಳಲ್ಲಿ ಸಾರಿನ ಹುಳಿಗೆ ಜಾಡಿಯಲ್ಲಿರುವ ಹುಣಸೆಯೇ ಗತಿ. ದರ ನೆಲಕಚ್ಚಿದಾಗ ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದು ಬಾಕ್ಸ್ ತಂದು ಹಂಚಿಕೊಂಡು, ತಲಾ 5 ಕೆ.ಜಿ.ಯಲ್ಲಿ ಅರ್ಧವನ್ನು ತೊಕ್ಕು ಮಾಡಿಟ್ಟರೆ ಬೆಳಗಿನ ದೋಸೆ, ಚಪಾತಿಗೆ ಕೆಲವು ವಾರ ಬೇರೆ ಚಟ್ನಿ ಬೇಕಾಗುವುದಿಲ್ಲ.

ವರ್ಷದ ಸರಕಿಗೆ 1,000, ಚೀಟಿಗೆ 5,000, ಹಾಲಿಗೆ 2,100, ವಾರದ ಡಬ್ಬಿಗೆ ಸರಾಸರಿ 3,400ಕ್ಕಿಂತ ತುಸು ಹೆಚ್ಚು. ಒಟ್ಟು ಸುಮಾರು 11,500 ರೂಪಾಯಿ. ಐದು ಭಾನುವಾರ ಬರುವ ತಿಂಗಳಲ್ಲಿ ತುಸು ಮೇಲೆ ಹೋಗುತ್ತದೆ, ನಾಲ್ಕು ಬರುವ ತಿಂಗಳಲ್ಲಿ ಕೆಳಗಿರುತ್ತದೆ. ಯುಗಾದಿ, ಗೌರಿ ಗಣೇಶ, ದೀಪಾವಳಿಯ ಬೆಲ್ಲ, ತುಪ್ಪ, ಎಣ್ಣೆಯನ್ನು ನಾನು ಇದರಲ್ಲಿ ಸೇರಿಸಿಲ್ಲ; ಹಬ್ಬಕ್ಕೆ ಬೇರೆಯೇ ಹಣ ಇರಬೇಕು.

ಪ್ರಶ್ನೆ: ಬಂಗಾರಪೇಟೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಇದ್ದೇವೆ, ಇಬ್ಬರೂ ನಿವೃತ್ತರು. ಅಕ್ಕಿಯನ್ನು 26 ಕೆ.ಜಿ. ಮೂಟೆಯಲ್ಲಿ ಕೊಂಡರೆ ಲಾಭವೆಂದು ಅಂಗಡಿಯಲ್ಲಿ ಹೇಳುತ್ತಾರೆ. 25 ಇದ್ದದ್ದು 26 ಏಕಾಯಿತು? ಎಣ್ಣೆಯ ಪೊಟ್ಟಣಗಳಲ್ಲೂ ಯಾವುದು ಅಗ್ಗವೆಂದು ತಿಳಿಯುವುದಿಲ್ಲ.

ಉತ್ತರ: ಹಿರಿಯರೇ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳು 25 ಕೆ.ಜಿ.ಯವರೆಗೆ ಇದ್ದರೆ ಶೇ. 5 ಜಿಎಸ್‌ಟಿ ಎಂಬ ನಿಯಮ 2022ರ ಜುಲೈ 18ರಿಂದ ಬಂತು. ಅದಕ್ಕಿಂತ ದೊಡ್ಡ ಮೂಟೆಗೆ ಆ ತೆರಿಗೆ ಇಲ್ಲದಿರುವುದರಿಂದ ವ್ಯಾಪಾರಿಗಳು ಒಂದು ಕೆ.ಜಿ. ಹೆಚ್ಚಿಸಿ 26 ಮಾಡಿದರು. ಆದರೆ ನಿಮ್ಮೆದುರಿಗೆ ತೂಗಿ ಕೊಡುವ ಬಿಡಿ ಅಕ್ಕಿಗೂ ಆ ತೆರಿಗೆ ಇಲ್ಲ. ಇಬ್ಬರಿಗೆ ದಿನಕ್ಕೆ 300 ಗ್ರಾಂ ಎಂದು ಹಿಡಿದರೆ 26 ಕೆ.ಜಿ. ಮುಗಿಯಲು ಸುಮಾರು ಮೂರು ತಿಂಗಳು ಬೇಕು, ಮಳೆಗಾಲದಲ್ಲಿ ಅಷ್ಟರೊಳಗೆ ಹುಳು ಬೀಳುತ್ತದೆ. ಅದೇ ಅಕ್ಕಿ ಬಿಡಿಯಾಗಿ ಅದೇ ದರಕ್ಕೆ ಸಿಗುವುದಾದರೆ 10 ಕೆ.ಜಿ. ಕೊಳ್ಳಿ, ಮೂಟೆಯನ್ನು ಹೊತ್ತು ತರುವ ಶ್ರಮವೂ ನಿಮಗೆ ತಪ್ಪುತ್ತದೆ.

ಎಣ್ಣೆಯಲ್ಲಿ ಪೊಟ್ಟಣದ ಗಾತ್ರವನ್ನಾಗಲಿ, ಮೇಲಿನ ರಿಯಾಯಿತಿಯನ್ನಾಗಲಿ ನೋಡದೆ, ಒಳಗಿರುವ ನಿವ್ವಳ ಪ್ರಮಾಣವನ್ನು ಮೊದಲು ಓದಿ. ಲೀಟರ್‌ಗಿಂತ ಕಡಿಮೆ ತುಂಬಿದ ಪೊಟ್ಟಣಗಳೂ ನೋಡಲು ಲೀಟರಿನಂತೆಯೇ ಇರುತ್ತವೆ. ಉದಾಹರಣೆಗೆ, 850 ಮಿ.ಲೀ. ಪೊಟ್ಟಣಕ್ಕೆ 145 ರೂಪಾಯಿ, ಒಂದು ಲೀಟರ್ ಪೊಟ್ಟಣಕ್ಕೆ 165 ರೂಪಾಯಿ ಇದ್ದರೆ, ಮೊದಲನೆಯದು ಲೀಟರಿಗೆ 170 ರೂಪಾಯಿ ಬಿದ್ದಂತೆ. ಗಾಣದ ಎಣ್ಣೆಯನ್ನು ಕೆ.ಜಿ. ಲೆಕ್ಕದಲ್ಲಿ ಕೊಳ್ಳುವುದಾದರೆ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ ಎಂಬುದನ್ನು ನೆನಪಿಟ್ಟು ಹೋಲಿಸಿ. ಗ್ರಾಂ, ಕೆ.ಜಿ., ಮಿ.ಲೀ. ಅಥವಾ ಲೀಟರ್ ಒಂದಕ್ಕೆ ಎಷ್ಟು ಬೆಲೆಯೆಂಬುದನ್ನು ಈಗ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯ ಬಳಿಯಲ್ಲೇ ಮುದ್ರಿಸಿರುತ್ತಾರೆ. ಅಕ್ಷರ ಬಹಳ ಸಣ್ಣದಾಗಿರುವುದರಿಂದ ಅಂಗಡಿಗೆ ಹೋಗುವಾಗ ಕನ್ನಡಕವನ್ನು ಮರೆಯದೆ ಒಯ್ಯಿರಿ, ಇಲ್ಲವೇ ಅಂಗಡಿಯ ಹುಡುಗನಿಗೆ ಹೇಳಿ ಓದಿಸಿಕೊಳ್ಳಿ.