ಓದುಗರ ಪ್ರಶ್ನೆ: ಸೋಲಾರ್ ಹಾಕಿಸಿದ್ರೆ ಗ್ರೀನ್ ಬಿಲ್ಡಿಂಗ್ ಆಗತ್ತಾ?

ಹೋದ ಸಂಚಿಕೆಲಿ ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್, ಅಂದ್ರೆ ಕರೆಂಟ್, ನೀರು, ಸಾಮಾನು ಹಿತಮಿತವಾಗಿ ಬಳಸೋ ಕಟ್ಟಡಕ್ಕೆ ಕೊಡೋ ಪ್ರಮಾಣಪತ್ರದ ಬಗ್ಗೆ ಎರಡೇ ಸಾಲು ಬರೆದಿದ್ದೆ, ಅದಕ್ಕೆ ಪತ್ರ ಬಂದಿದ್ದು ನೋಡಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಡ್ತಾ ಇದೀನಿ. ಒಂದೇ ತರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ.

ಪ್ರಶ್ನೆ: ಸರ್, ನಮ್ಮದು ನಾಲ್ಕು ಮಹಡಿ ಆಫೀಸ್ ಕಟ್ಟಡ. ಪ್ಲಾನ್ ಫೈನಲ್ ಆಗಿದೆ, ಮುಂದಿನ ತಿಂಗಳು ಪಾಯ ತೆಗೀತೀವಿ. ಟೆರೇಸ್ ತುಂಬಾ ಸೋಲಾರ್ ಹಾಕ್ತಾ ಇದೀವಿ. ಲೀಡ್ ಗೋಲ್ಡ್ ಸಿಗತ್ತಾ? ಕಟ್ಟಡ ಮುಗಿದ ಮೇಲೆ ಅಪ್ಲೈ ಮಾಡಿದ್ರೆ ಸಾಕಾ?

ಉತ್ತರ: ಸಾಕಾಗಲ್ಲ. ಮುಗಿದ ಮೇಲೆ ನೋಡೋಣ ಅಂತ ಕೂತ್ರೆ ಅಷ್ಟೊತ್ತಿಗೆ ಎಷ್ಟೋ ಪಾಯಿಂಟ್ ಕೈತಪ್ಪಿ ಹೋಗಿರತ್ತೆ. ಪಾಯ ಇನ್ನೂ ತೆಗೆದಿಲ್ಲ ಅಂದ್ರಲ್ಲ, ಅದೊಂದು ಒಳ್ಳೇದಾಯ್ತು.

ಮೊದಲು ಲೆಕ್ಕ ಹೇಳ್ತೀನಿ. ಲೀಡ್ ಅಂದ್ರೆ ಅಮೆರಿಕದಿಂದ ಬಂದ ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್ ಪದ್ಧತಿ, ಅದರಲ್ಲಿ ಒಟ್ಟು 110 ಪಾಯಿಂಟ್, 40 ಬಂದ್ರೆ ಸರ್ಟಿಫೈಡ್, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಇದರ ಜೊತೆಗೆ ಕಡ್ಡಾಯದ ಕೆಲವು ಅಂಶ ಇರತ್ತೆ, ಅವಕ್ಕೆ ಪಾಯಿಂಟೇ ಇಲ್ಲ, ಆದ್ರೆ ಅದರಲ್ಲಿ ಒಂದು ತಪ್ಪಿದ್ರೂ ಮಿಕ್ಕ ಪಾಯಿಂಟ್ ಎಷ್ಟೇ ಇರಲಿ ಸರ್ಟಿಫಿಕೇಟ್ ಬರಲ್ಲ. ಎಷ್ಟೋ ಜನ ಪಾಯಿಂಟ್ ಕೂಡಿಸೋ ಭರದಲ್ಲಿ ಈ ಕಡ್ಡಾಯದ ಪಟ್ಟಿನ ಕೊನೆಗೆ ತೆಗೆದು ನೋಡ್ತಾರೆ, ನೀವು ಅದನ್ನೇ ಮೊದಲು ಓದಿ.

ಈಗ ಸೋಲಾರ್. ಲೀಡ್ ವಿ4, ಅಂದ್ರೆ ನಾಲ್ಕನೇ ವರ್ಷನ್ ಪ್ರಕಾರ ಕಟ್ಟಡದ ವರ್ಷದ ಎನರ್ಜಿ ಖರ್ಚಿನಲ್ಲಿ 10% ಸೋಲಾರ್‌ನಿಂದ ಬಂದ್ರೆ ಸೋಲಾರ್‌ನ ಕ್ರೆಡಿಟ್‌ಗೆ (ಪಾಯಿಂಟ್ ಕೊಡೋ ಒಂದೊಂದು ಅಂಶಕ್ಕೂ ಕ್ರೆಡಿಟ್ ಅಂತಾರೆ) ನೇರವಾಗಿ ಸಿಗೋದು 3 ಪಾಯಿಂಟ್. ಅದೇ ಕಟ್ಟಡ ಒಟ್ಟಾರೆ ಕಡಿಮೆ ಕರೆಂಟ್ ತಿನ್ನೋ ಹಾಗೆ ಕಟ್ಟಿದ್ರೆ 18 ಪಾಯಿಂಟ್ ತನಕ ಇದೆ. ಇನ್ನೊಂದು ವಿಷ್ಯ, ಕಡ್ಡಾಯದ ಕನಿಷ್ಠ ಉಳಿತಾಯ ಏನಿದೆಯೋ ಅದನ್ನ ಸೋಲಾರ್ ಸೇರಿಸದೇ ತೋರಿಸ್ಬೇಕು. ಅಂದ್ರೆ ಬಿಸಿಲಿಗೆ ಕಾದು ಕೆಂಪಾಗೋ ಕಟ್ಟಡ ಕಟ್ಟಿ, ದೊಡ್ಡ ಎಸಿ ಕೂರಿಸಿ, ಮೇಲೆ ಪ್ಯಾನೆಲ್ ಹೊದಿಸಿದ್ರೆ ಮೊದಲ ಮೆಟ್ಟಿಲಲ್ಲೇ ನಿಂತ್ಕೋತೀರಿ.

ಹಾಗಾಗಿ ಈ ತಿಂಗಳು ಒಂದು ಕೆಲಸ ಮಾಡಿ. ಆರ್ಕಿಟೆಕ್ಟ್, ಎಸಿ ಡಿಸೈನ್ ಮಾಡೋರು, ಎಲೆಕ್ಟ್ರಿಕಲ್, ಪ್ಲಂಬಿಂಗ್ ಎಲ್ಲರನ್ನೂ ಒಂದೇ ಟೇಬಲ್‌ಗೆ ಕೂರಿಸಿ, ಒಂದು ಸರಳ ಎನರ್ಜಿ ಮಾಡೆಲ್ ಮಾಡಿಸಿ, ಅಂದ್ರೆ ಕಟ್ಟಡ ಎಷ್ಟು ಕರೆಂಟ್ ತಿನ್ನತ್ತೆ ಅಂತ ಕಂಪ್ಯೂಟರಲ್ಲಿ ಹಾಕೋ ಲೆಕ್ಕ. ಒಳಗಿನ ರೂಮು ಪಾರ್ಟಿಷನ್ ಏನೂ ಬೇಡ, ಬರೀ ಡಬ್ಬದ ತರ ಕಟ್ಟಡ ಇಟ್ಟು ನೋಡೋದು: ಉದ್ದದ ಗೋಡೆ ಯಾವ ದಿಕ್ಕಿಗೆ, ಪಶ್ಚಿಮಕ್ಕೆ ಗಾಜು ಎಷ್ಟು, ಚಜ್ಜಾ ಎಷ್ಟು ಹೊರಗೆ. ಪೂರ್ವ ಪಶ್ಚಿಮದ ಬಿಸಿಲು ಬೆಳಿಗ್ಗೆ ಸಂಜೆ ತಗ್ಗಿನಲ್ಲಿ ಅಡ್ಡಡ್ಡ ಬರತ್ತೆ, ಅದನ್ನ ಚಜ್ಜಾ ತಡಿಯಲ್ಲ, ಅಲ್ಲಿ ಕಿಟಕಿನೇ ಕಡಿಮೆ ಮಾಡ್ಬೇಕು ಇಲ್ಲಾ ಕಿಟಕಿ ಹೊರಗೆ ನೆರಳಿಗೆ ನಿಲುವು ಪಟ್ಟಿ ಕೊಡ್ಬೇಕು. ಬರೀ ಕಾಗದದ ಮೇಲೆ ಮುಗಿಯೋ ಬದಲಾವಣೆ ಇದು, ಸ್ಲ್ಯಾಬ್ ಬಿದ್ದ ಮೇಲೆ ಎಷ್ಟು ಕೊಟ್ಟರೂ ಆಗಲ್ಲ. ಗೋಡೆ ನೆರಳಲ್ಲಿದ್ರೆ ಎಸಿ ಚಿಕ್ಕದು ಸಾಕಾಗತ್ತೆ, ಎಸಿ ಚಿಕ್ಕದಾದ್ರೆ ಡಕ್ಟ್ ಸಣ್ಣ, ಟ್ರಾನ್ಸ್‌ಫಾರ್ಮರ್ ಸಣ್ಣ, ಒಂದರಿಂದ ಒಂದು ಇಳೀತಾ ಹೋಗತ್ತೆ, ಅದಾದ ಮೇಲೆ ನಿಮ್ಮ ಅದೇ ಸೋಲಾರ್ ಕಟ್ಟಡದ ಖರ್ಚಿನಲ್ಲಿ ದೊಡ್ಡ ಪಾಲು ತುಂಬತ್ತೆ. ಸೋಲಾರ್ ಹಾಕ್ಸಿ, ಖಂಡಿತ ಹಾಕ್ಸಿ, ಆದ್ರೆ ಈ ಕೆಲಸ ಆದ್ಮೇಲೆ.

ಪ್ರಾಜೆಕ್ಟ್ ರಿಜಿಸ್ಟರ್ ಕೂಡ ಈಗಲೇ ಮಾಡ್ಸಿ. ಲೀಡ್ ವಿ5 ಅಂತ 2025ರಲ್ಲಿ ಬಿಟ್ಟಿದಾರೆ, ಕ್ರೆಡಿಟ್‌ಗಳು ಬದಲಾಗಿವೆ, ನಿಮ್ಮದು ಯಾವ ವರ್ಷನ್ ಕೆಳಗೆ ರಿಜಿಸ್ಟರ್ ಆಗತ್ತೋ ಅದರ ಪುಸ್ತಕನೇ ಹಿಡ್ಕೊಂಡು ಕೆಲಸ ಮಾಡಿ. ನಾನು ಈ ಅಂಕಣದಲ್ಲಿ ಹೇಳೋ ಲೀಡ್ ಅಂಕಿಗಳೆಲ್ಲ ವಿ4ದು.

ಪ್ರಶ್ನೆ: ಈ ಸರ್ಟಿಫಿಕೇಟ್ ಯಾರು ಕೊಡ್ತಾರೆ? ಬಂದು ನೋಡ್ತಾರಾ ಅಥವಾ ಕಾಗದ ಕಳಿಸಿದ್ರೆ ಆಗೋಯ್ತಾ?

ಉತ್ತರ: ಒಂದೊಂದು ಪದ್ಧತಿದು ಒಂದೊಂದು ರೀತಿ. ಬ್ರಿಟನ್ನಿನ ಬ್ರಿಯಾಮ್ ಎಲ್ಲಕ್ಕಿಂತ ಹಳೇದು, 1990ರಲ್ಲಿ ಶುರುವಾಗಿದ್ದು, ಅದರಲ್ಲಿ ಲೈಸೆನ್ಸ್ ಇರೋ ಅಸೆಸರ್ ಒಬ್ಬರು ಪ್ರಾಜೆಕ್ಟ್ ಜೊತೆಗೇ ಇರ್ತಾರೆ, ಸೈಟ್ ನೋಡ್ತಾರೆ. ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ಮಾಡಿದ ಲೀಡ್‌ನಲ್ಲಿ ಪರಿಶೀಲನೆ ಬಹುಪಾಲು ದಾಖಲೆ ಮೇಲೆ ನಡೆಯತ್ತೆ. ಡಿಸೈನ್ ದಾಖಲೆ ಒಂದು ಸಲ, ಕಟ್ಟಿದ್ದರ ದಾಖಲೆ ಇನ್ನೊಂದು ಸಲ ಕಳಿಸ್ಬಹುದು, ಅವರು ಪ್ರಶ್ನೆ ಹಾಕಿ ವಾಪಸ್ ಕಳಿಸ್ತಾರೆ, ನೀವು ಉತ್ತರ ಕೊಡ್ತೀರಿ, ಆಮೇಲೆ ಕೊನೆ ತೀರ್ಮಾನ. ಎಡ್ಜ್ ಅಂತ ಇನ್ನೊಂದಿದೆ, ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿದು, ಅದರಲ್ಲಿ ಎನರ್ಜಿ, ನೀರು, ಕಟ್ಟೋ ಸಾಮಾನು, ಮೂರರ ಲೆಕ್ಕದಲ್ಲೂ ಕನಿಷ್ಠ 20% ಉಳಿತಾಯ ತೋರಿಸ್ಬೇಕು, ಆಡಿಟರ್ ಬರ್ತಾರೆ. ನಮ್ಮ ದೇಶದ ಗೃಹ, ಐಜಿಬಿಸಿ, ಸಿಂಗಾಪುರದ ಗ್ರೀನ್ ಮಾರ್ಕ್, ಜರ್ಮನಿಯ ಡಿಜಿಎನ್‌ಬಿ ಹೀಗೆ ತುಂಬ ಇವೆ. ನಿಮ್ಮ ಕಟ್ಟಡದ ಬಳಕೆಗೆ, ಹವೆಗೆ ಯಾವುದು ಹೊಂದತ್ತೋ ಅದು ತಗೊಳ್ಳಿ, ಹೆಸರು ನೋಡಿ ಹೋಗ್ಬೇಡಿ.

ಪ್ರಶ್ನೆ: ನಾನು ಸೈಟ್ ಇಂಜಿನಿಯರ್, ಮೊದಲ ಸಲ ಗ್ರೀನ್ ಪ್ರಾಜೆಕ್ಟ್. ಕನ್ಸಲ್ಟೆಂಟ್ ಕಡೆಯಿಂದ ದೊಡ್ಡ ಎಕ್ಸೆಲ್ ಶೀಟ್ ಬಂದಿದೆ, ತಲೆಬುಡ ಅರ್ಥ ಆಗ್ತಿಲ್ಲ. ನಾನು ದಿನಾ ಮಾಡ್ಬೇಕಾಗಿದ್ದು ಏನು?

ಉತ್ತರ: ಈ ಪತ್ರ ನೋಡಿ ತುಂಬ ಖುಷಿಯಾಯ್ತು, ಯಾಕಂದ್ರೆ ಸರ್ಟಿಫಿಕೇಟ್ ನಿಜಕ್ಕೂ ನಿಮ್ಮ ಕೈಲಿದೆ, ಆಫೀಸಲ್ಲಿ ಕೂತವರ ಕೈಲಿ ಇಲ್ಲ. ನಿಯಮ ಒಂದೇ, ಅವತ್ತಿನ ದಾಖಲೆ ಅವತ್ತೇ. ಆರು ತಿಂಗಳಾದ ಮೇಲೆ ನೆನಪಿನಿಂದ ಬರಿಯೋಕಾಗಲ್ಲ, ಪ್ಲಾಸ್ಟರ್ ಒಳಗೆ ಮುಚ್ಚಿಹೋಗಿದ್ದನ್ನ ಫೋಟೋ ಹೊಡಿಯೋಕಾಗಲ್ಲ.

ಡೆಬ್ರಿ ವಿಷ್ಯ ತಗೊಳ್ಳಿ. ಲೀಡ್‌ನಲ್ಲಿ ಕಟ್ಟಡದ ವೇಸ್ಟ್‌ನಲ್ಲಿ 50% ಮರುಬಳಕೆಗೆ ಹೋದ್ರೆ 1 ಪಾಯಿಂಟ್, 75% ಹೋದ್ರೆ 2, ಮೊದಲನೇದಕ್ಕೆ ಕನಿಷ್ಠ ಮೂರು ಬಗೆ ಸಾಮಾನು, ಎರಡನೇದಕ್ಕೆ ನಾಲ್ಕು ಬಗೆ ಇರ್ಬೇಕು. ಕಬ್ಬಿಣ ಗುಜರಿಗೆ ಹೋಗಿದ್ದು, ಮುರಿದ ಬ್ಲಾಕ್ ತುಂಬೋಕೆ ಹೋಗಿದ್ದು, ರಟ್ಟು, ಮರ, ಎಲ್ಲ ಬೇರೆ ಬೇರೆ ರಾಶಿ, ಪ್ರತಿ ಲೋಡ್‌ಗೂ ತೂಕದ ಚೀಟಿ. ಚೀಟಿ ಇಲ್ಲದ ಲೋಡ್ ಲೆಕ್ಕಕ್ಕಿಲ್ಲ. ಗೇಟ್ ಹತ್ರ ಒಂದು ರಿಜಿಸ್ಟರ್ ಇಟ್ಟು, ಚೀಟಿ ಅಂಟಿಸದೇ ಗಾಡಿ ಹೊರಗೆ ಬಿಡ್ಬೇಡಿ ಅಂತ ಸೆಕ್ಯುರಿಟಿಯವರಿಗೆ ಹೇಳಿ, ಅಷ್ಟು ಮಾಡಿದ್ರೆ ಮುಕ್ಕಾಲು ಕೆಲಸ ಆಯ್ತು.

ಆಮೇಲೆ ಪೇಂಟು, ಅಂಟು, ಸೀಲಂಟ್. ಇವುಗಳಿಂದ ಆವಿಯಾಗಿ ಬರೋ ಕೆಮಿಕಲ್‌ಗೆ ವಿಒಸಿ ಅಂತಾರೆ, ಹೊಸ ಕಟ್ಟಡದಲ್ಲಿ ಕಣ್ಣು ಉರಿಯೋದು ತಲೆ ನೋಯೋದು ಎಷ್ಟೋ ಸಲ ಇದರಿಂದಲೇ. ಒಂದೊಂದಕ್ಕೂ ಒಂದೊಂದು ಮಿತಿ ಇದೆ, ಒಳಗೋಡೆಯ ಹೊಳಪಿಲ್ಲದ ಪೇಂಟ್‌ಗೆ ಸಾಮಾನ್ಯವಾಗಿ ಹಿಡಿಯೋ ಮಿತಿ ಲೀಟರಿಗೆ 50 ಗ್ರಾಂ. ನನ್ನದೇ ಒಂದು ಪ್ರಾಜೆಕ್ಟಲ್ಲಿ ಪೇಂಟ್ ಎಲ್ಲ ಸರಿಯಾಗಿತ್ತು, ಫಾಲ್ಸ್ ಸೀಲಿಂಗ್ ಕೆಲಸದವರು ಅಂಟು ಖಾಲಿ ಆಯ್ತು ಅಂತ ಶನಿವಾರ ಸಂಜೆ ಬೇರೆ ಯಾವುದೋ ಡಬ್ಬ ತಂದು ಕೆಲಸ ಮುಗಿಸಿಬಿಟ್ಟಿದ್ರು. ಸೋಮವಾರ ನಾನು ಹೋದಾಗ ಡಬ್ಬ ಕಸದಲ್ಲಿತ್ತು, ಲೇಬಲ್ ಅರ್ಧ ಹರಿದಿತ್ತು, ಆ ಕಂಪನಿಗೆ ಬರೆದು ಕೇಳಿದ್ರೆ ಟೆಸ್ಟ್ ರಿಪೋರ್ಟೇ ಇಲ್ಲ ಅಂದ್ರು. ಆ ಅಂಟಿನ ಪಾಯಿಂಟ್ ಹೋಯ್ತು. ತಪ್ಪು ಅವರದಲ್ಲ ನನ್ನದು, ಯಾಕಂದ್ರೆ ಅವರಿಗೆ ಯಾರೂ ಹೇಳೇ ಇರ್ಲಿಲ್ಲ. ಅದಕ್ಕೇ ಹೇಳೋದು, ಸ್ಟೋರ್‌ಗೆ ಬರೋ ಮೊದಲೇ ಡೇಟಾಶೀಟ್ ನೋಡಿ, ಬಂದ ದಿನ ಡಬ್ಬದ ಲೇಬಲ್ ಫೋಟೋ ತೆಗೀರಿ, ಒಪ್ಪಿಗೆ ಆದ ಪಟ್ಟಿನ ಮೇಸ್ತ್ರಿಗೂ ಕೆಲಸದವರಿಗೂ ಅವರ ಭಾಷೇಲಿ ಬರೆದು ಗೋಡೆಗೆ ಅಂಟಿಸಿ.

ಡಕ್ಟ್ ಬಾಯಿಗಳನ್ನ ಪ್ಲಾಸ್ಟಿಕ್ ಕಟ್ಟಿ ಮುಚ್ಚಿಡಿ, ಪಿಒಪಿ ಧೂಳು ಒಳಗೆ ಹೋದ್ರೆ ವರ್ಷಗಟ್ಟಲೆ ಜನ ಅದನ್ನೇ ಉಸಿರಾಡ್ತಾರೆ. ಮುಚ್ಚಿದ ಬಾಯಿಯ ಫೋಟೋ ತಾರೀಕಿನ ಜೊತೆ ಇರಲಿ. ಮಳೆ ನೀರಲ್ಲಿ ಮಣ್ಣು ರಸ್ತೆಗೆ ಚರಂಡಿಗೆ ಹೋಗದ ಹಾಗೆ ತಡೆ ಹಾಕೋದು, ಗಾಡಿ ಗಾಲಿ ತೊಳೆಯೋದು ಕಡ್ಡಾಯದ ಪಟ್ಟಿಯಲ್ಲೇ ಬರತ್ತೆ, ಅದನ್ನ ಮರೀಬೇಡಿ.

ಕೊನೇದು, ಶೆಡ್ಯೂಲ್. ಜನ ಒಳಗೆ ಬರೋ ಮೊದಲು ಹೊಸ ಗಾಳಿ ಊದಿ ಕಟ್ಟಡ ತೊಳೆಯೋ ಒಂದು ಕ್ರಮ ಇದೆ, ಫ್ಲಶ್ ಔಟ್ ಅಂತಾರೆ. ಲೀಡ್‌ನಲ್ಲಿ ಒಂದು ಚದರಡಿಗೆ 14,000 ಘನ ಅಡಿ ಹೊರಗಿನ ಗಾಳಿ. ನಿಮಿಷಕ್ಕೆ ಚದರಡಿಗೆ 0.3 ಘನ ಅಡಿಯಂತೆ ಬಿಟ್ರೆ ಹಗಲು ರಾತ್ರಿ ನಡೆಸಿದ್ರೂ 32 ದಿನ ಹಿಡಿಯತ್ತೆ. ಉದ್ಘಾಟನೆ ತಾರೀಕು ಗೊತ್ತು ಮಾಡೋರಿಗೆ ಇದನ್ನ ಈಗಲೇ ಹೇಳಿಟ್ಟಿರಿ, ಇಲ್ಲಾಂದ್ರೆ ಅದರ ಬದಲು ಒಳಗಿನ ಗಾಳಿ ಟೆಸ್ಟ್ ಮಾಡಿಸೋ ದಾರಿ ಇದೆ, ಅದಕ್ಕೂ ದಿನ ಬೇಕು.

ಪ್ರಶ್ನೆ: ನೀರಿನ ಉಳಿತಾಯ ಹೇಗೆ ಲೆಕ್ಕ ಹಾಕ್ತಾರೆ? ಮೀಟರ್ ನೋಡ್ತಾರಾ?

ಉತ್ತರ: ಕಟ್ಟೋ ಹಂತದಲ್ಲಿ ಮೀಟರ್ ಓದೋಕೆ ಏನೂ ಇರಲ್ಲ, ಹಾಗಾಗಿ ಲೆಕ್ಕದಲ್ಲೇ ತೋರಿಸೋದು. ಲೀಡ್‌ನಲ್ಲಿ ಆಫೀಸಿಗೆ ದಿನಕ್ಕೆ ಕಮೋಡ್ ಬಳಕೆ ಗಂಡಸರಿಗೆ 1 ಸಲ, ಹೆಂಗಸರಿಗೆ 3 ಸಲ ಅಂತ ಹಿಡೀತಾರೆ, ಗಂಡಸರ ಯೂರಿನಲ್‌ಗೆ ಬೇರೆ ಲೆಕ್ಕ. 50 ಗಂಡಸರು 50 ಹೆಂಗಸರು ಇದ್ರೆ 200 ಫ್ಲಶ್. ಒಂದು ಫ್ಲಶ್‌ಗೆ 6 ಲೀಟರ್ ಅಂತ ಮೂಲ ಲೆಕ್ಕ, ಅಂದ್ರೆ 1200 ಲೀಟರ್. ನೀವು 4.8 ಲೀಟರಿಂದು ಹಾಕಿದ್ರೆ 960, ಸರಿಯಾಗಿ 20% ಕಡಿಮೆ, ಕಡ್ಡಾಯದ ಮಟ್ಟ ಅಷ್ಟೇ. ನಲ್ಲಿ, ಯೂರಿನಲ್, ಶವರ್ ಎಲ್ಲ ಸೇರಿಸಿ ಒಟ್ಟು ನೋಡ್ತಾರೆ, ಇನ್ನೂ ಇಳಿಸಿದ್ರೆ ಪಾಯಿಂಟ್. ಕಟ್ಟಡಕ್ಕೆ ನೀರಿನ ಮೀಟರ್ ಕೂರಿಸೋದೂ ಕಡ್ಡಾಯ.

ಪ್ರಶ್ನೆ: ಎಸಿ ಕಂಟ್ರಾಕ್ಟರ್ ಟೆಸ್ಟ್ ಮಾಡಿ ಸೈನ್ ಹಾಕಿ ಕೊಟ್ಟಿದಾರೆ. ಮತ್ತೆ ಕಮಿಷನಿಂಗ್ ಅಂತ ಬೇರೆಯವರನ್ನ ಯಾಕೆ ಕರೀಬೇಕು? ದಂಡ ಖರ್ಚು ಅನ್ಸತ್ತೆ.

ಉತ್ತರ: ಕಮಿಷನಿಂಗ್ ಅಂದ್ರೆ ಕೂರಿಸಿದ ಮಷಿನ್‌ಗಳು ಡಿಸೈನ್ ಹಾಗೇ ನಡೀತಿವೆಯಾ ಅಂತ ಬೇರೆಯವರಿಂದ ಪರೀಕ್ಷೆ ಮಾಡಿಸೋದು. ನನಗೆ ಕೇಳಿದ್ರೆ ಇಡೀ ಸರ್ಟಿಫಿಕೇಷನ್‌ನಲ್ಲಿ ಕಟ್ಟಡಕ್ಕೆ ಅತಿ ಹೆಚ್ಚು ಉಪಯೋಗ ಆಗೋ ಖರ್ಚು ಇದೇ. ಒಂದು ಕಟ್ಟಡದಲ್ಲಿ ಕಂಪ್ಯೂಟರ್ ಪರದೆ ಮೇಲೆ ಹೊರಗಿನ ಗಾಳಿಯ ಡ್ಯಾಂಪರ್ (ಡಕ್ಟ್‌ನಲ್ಲಿ ಗಾಳಿ ಬಿಡೋ ತಡೆಯೋ ಬಾಗಿಲು) 100% ತೆರೆದಿದೆ ಅಂತ ತೋರಿಸ್ತಿತ್ತು, ಮೀಟಿಂಗ್ ರೂಮಲ್ಲಿ ಜನ ಮಾತ್ರ ಮಧ್ಯಾಹ್ನ ಆದ್ರೆ ತೂಕಡಿಸ್ತಿದ್ರು. ಏಣಿ ಹಾಕಿ ಮೇಲೆ ಹತ್ತಿ ಟಾರ್ಚ್ ಬಿಟ್ಟು ನೋಡಿದ್ರೆ ಮೋಟಾರ್ ತಿರುಗ್ತಾ ಇದೆ, ಆದ್ರೆ ಮೋಟಾರನ್ನ ಡ್ಯಾಂಪರ್ ಶಾಫ್ಟ್‌ಗೆ ಹಿಡಿದಿರೋ ಕ್ಲಾಂಪ್‌ನ ಬೋಲ್ಟ್ ಬಿಗಿ ಮಾಡೇ ಇಲ್ಲ, ಡ್ಯಾಂಪರ್‌ನ ರೆಕ್ಕೆಗಳು ಮುಚ್ಕೊಂಡೇ ಇವೆ. ಒಂದು ಸ್ಪ್ಯಾನರ್, ಎರಡು ನಿಮಿಷ. ಕಾಗದದಲ್ಲಿ ಆ ಮಷಿನ್ ಪಾಸಾಗಿತ್ತು. ಕಮಿಷನಿಂಗ್ ಮಾಡೋರು ಹೀಗೆ ಒಂದೊಂದನ್ನೂ ಓಡಿಸಿ, ನಿಲ್ಲಿಸಿ, ಸೆನ್ಸರ್‌ಗೆ ಬೇಕಂತಲೇ ಬಿಸಿ ಕೊಟ್ಟು ಏನಾಗತ್ತೆ ಅಂತ ನೋಡ್ತಾರೆ, ಹಾಕಿದವರೇ ತಮ್ಮ ಕೆಲಸ ತಾವೇ ನೋಡ್ಕೊಂಡ್ರೆ ಇದು ಕಣ್ಣಿಗೆ ಬೀಳೋದು ಕಷ್ಟ. ಲೀಡ್‌ನಲ್ಲಿ ಮೂಲ ಕಮಿಷನಿಂಗ್ ಕಡ್ಡಾಯ, ಆಳವಾಗಿ ಮಾಡಿಸಿದ್ರೆ ಹೆಚ್ಚು ಪಾಯಿಂಟ್. ಡಿಸೈನ್ ಹಂತದಲ್ಲೇ ಅವರನ್ನ ಕರೀರಿ, ಏಣಿ ಹತ್ತೋಕೆ ಜಾಗನೇ ಇಲ್ಲದ ಹಾಗೆ ಮಷಿನ್ ಕೂರಿಸೋದಾದ್ರೂ ತಪ್ಪತ್ತೆ.

ಪ್ರಶ್ನೆ: ಪೂರ್ತಿ ಗಾಜಿನ ಕಟ್ಟಡಕ್ಕೆ ಪ್ಲಾಟಿನಂ ಫಲಕ ನೋಡಿದೀನಿ. ಇದೆಲ್ಲ ತೋರಿಕೆ ಅಲ್ವಾ?

ಉತ್ತರ: ನಿಮ್ಮ ಸಂಕಟ ನನಗೂ ಇದೆ. ಹೊಸ ಕಟ್ಟಡಕ್ಕೆ ಸಿಗೋ ಫಲಕ ಡಿಸೈನ್ ಮತ್ತೆ ಕಟ್ಟಿದ ರೀತಿ ನೋಡಿ ಕೊಟ್ಟಿದ್ದು, ಆಮೇಲೆ ರಾತ್ರಿಯೆಲ್ಲ ದೀಪ ಉರಿಸಿದ್ರೆ ಆ ಫಲಕಕ್ಕೆ ಗೊತ್ತಾಗಲ್ಲ. ಗಾಜು ಜಾಸ್ತಿ ಇದ್ದೂ ಒಳ್ಳೆ ಎಸಿ, ಒಳ್ಳೆ ಲೈಟ್, ಬಸ್ಸು ರೈಲಿನ ಹತ್ತಿರ ಜಾಗ, ಇವುಗಳಿಂದ ಪಾಯಿಂಟ್ ತುಂಬಿಸ್ಕೋಬಹುದು. ಅದು ಪದ್ಧತಿಯ ನಿಜವಾದ ಕೊರತೆ, ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಅದೇ ಪದ್ಧತಿಗಳಲ್ಲಿ ನಡೀತಿರೋ ಕಟ್ಟಡಕ್ಕೆ ಅಂತ ಬೇರೆ ಸರ್ಟಿಫಿಕೇಟ್ ಇದೆ, ಅದು ನಿಜವಾದ ಬಿಲ್ಲು, ಮೀಟರ್ ಮೇಲೆ ನಡೆಯತ್ತೆ. ಲಿವಿಂಗ್ ಬಿಲ್ಡಿಂಗ್ ಚಾಲೆಂಜ್ ಅನ್ನೋ 2006ರ ಪದ್ಧತಿಯಲ್ಲಂತೂ 12 ತಿಂಗಳು ನಡೆಸಿ ತೋರಿಸಿದ ಮೇಲೇನೇ ಪೂರ್ತಿ ಸರ್ಟಿಫಿಕೇಟ್. ಮುಂದೆ ಯಾರಾದ್ರೂ ಫಲಕ ತೋರಿಸಿದ್ರೆ ಎರಡು ಕೇಳಿ: ಯಾವ ವರ್ಷದ್ದು, ಕಳೆದ ವರ್ಷ ಒಂದು ಚದರ ಮೀಟರಿಗೆ ಎಷ್ಟು ಯೂನಿಟ್ ಆಯ್ತು.

ಪ್ರಶ್ನೆ: ಹಳೇ ಕಟ್ಟಡ ಕೆಡವಿ ಹೊಸ ಗ್ರೀನ್ ಬಿಲ್ಡಿಂಗ್ ಕಟ್ಟೋಣ ಅಂತ ಇದೀವಿ. ಒಳ್ಳೇದಲ್ವಾ?

ಉತ್ತರ: ಕೆಡವೋ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಕರೆದು ಕಂಬ ತೊಲೆ ಗಟ್ಟಿ ಇದೆಯಾ ನೋಡ್ಸಿ. ಸಿಮೆಂಟು ಕಬ್ಬಿಣ ಮಾಡೋವಾಗಲೇ ಬೇಕಾದಷ್ಟು ಕಾರ್ಬನ್ ಹೋಗಿರತ್ತೆ, ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸಿಮೆಂಟ್ ತಯಾರಿಕೆಯದ್ದೇ ಸುಮಾರು 8%. ನಿಮ್ಮ ಹಳೇ ಕಟ್ಟಡದ್ದು ಆಗಲೇ ಖರ್ಚಾಗಿ ಹೋಗಿದೆ, ಕೆಡವಿದ್ರೆ ಅದೂ ಹೋಯ್ತು, ಹೊಸದಕ್ಕೆ ಮತ್ತೆ ಬೇಕು. ಕಂಬ ತೊಲೆ ಸ್ಲ್ಯಾಬ್ ಉಳಿಸ್ಕೊಂಡು ಹೊರಗೋಡೆ, ಕಿಟಕಿ, ಎಸಿ ಹೊಸದು ಮಾಡಿದ್ರೂ ಸರ್ಟಿಫಿಕೇಟ್ ಸಿಗತ್ತೆ, ಉಳಿಸಿಕೊಂಡಿದ್ದಕ್ಕೇ ಪ್ರತ್ಯೇಕ ಪಾಯಿಂಟ್ ಇದೆ. ಉಳಿಸೋಕೆ ಆಗೋದೇ ಇಲ್ಲ ಅಂದ್ರೆ ಬಾಗಿಲು, ಕಿಟಕಿ, ಕಬ್ಬಿಣ, ಕಲ್ಲು ಬಿಚ್ಚಿ ತೆಗೆದಿಡಿ, ಜೆಸಿಬಿ ಆಮೇಲೆ ಬರಲಿ. ಹೊಸ ಕಾಂಕ್ರೀಟ್‌ನಲ್ಲಿ ಹಾರುಬೂದಿ ಅಥವಾ ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗ್ ಪುಡಿ ಎಷ್ಟು ಸೇರಿಸ್ಬಹುದು ಅಂತ ಅದೇ ಇಂಜಿನಿಯರ್ ಹತ್ರ ಕೇಳಿ, ಸೆಂಟ್ರಿಂಗ್ ಬಿಚ್ಚೋದು ಸ್ವಲ್ಪ ತಡ ಆಗ್ಬಹುದು, ಅದನ್ನ ಶೆಡ್ಯೂಲ್‌ನಲ್ಲಿ ಮೊದಲೇ ಹಾಕ್ಕೊಳ್ಳಿ.